ಪೊರೆಯ ತುಣುಕಿನೊಡನೆ ಪ್ರೋಟೀನು: ಪಾಲಿಮರ್ ನ್ಯಾನೋಕಣಗಳ ಬಗ್ಗೆ ಒಂದು ಉಪನ್ಯಾಸ

ಜೀವಕೋಶದ ದ್ರವದಲ್ಲಿ ಕರಗಿರುವ ಪ್ರೋಟೀನುಗಳ ಬಗ್ಗೆ ನಮಗೆ ತಿಳಿದಿದ್ದಷ್ಟು ಅದರ ಪೊರೆಯಲ್ಲಿ ನೆಲೆಸಿರುವ ಪ್ರೋಟೀನುಗಳ ಬಗ್ಗೆ ಬಹುಕಾಲ ತಿಳಿದಿರಲಿಲ್ಲ. ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಮೂರು ಆಯಾಮದ ರೂಪ ಮೊದಲ ಬಾರಿಗೆ ಕಾಣಿಸಿದ್ದು 1958ರಲ್ಲಿ. ಪೊರೆ ಪ್ರೋಟೀನೊಂದರ ರಚನೆಯನ್ನು ಹರಳಿನ ಮೂಲಕ ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಲು 1985ರವರೆಗೆ ಕಾಯಬೇಕಾಯಿತು. ಅದು ಬೆಳಕಿನಿಂದ ಶಕ್ತಿ ಪಡೆಯುವ ಒಂದು ಬ್ಯಾಕ್ಟೀರಿಯಾದ ಪ್ರತಿಕ್ರಿಯಾ ಕೇಂದ್ರ. ಆ ಕೆಲಸಕ್ಕಾಗಿ ಡೈಸನ್‌ಹೋಫರ್, ಹ್ಯೂಬರ್ ಮತ್ತು ಮಿಶೆಲ್ ಅವರಿಗೆ 1988ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಈ ವಿಳಂಬಕ್ಕೆ ಆಸಕ್ತಿಯ ಕೊರತೆ ಕಾರಣವಾಗಿರಲಿಲ್ಲ. ಬಹುಪಾಲು ಜೀವಿಗಳ ವಂಶವಾಹಿಗಳಲ್ಲಿ ಶೇಕಡ 20ರಿಂದ 30ರಷ್ಟು ಪೊರೆ ಪ್ರೋಟೀನುಗಳನ್ನೇ ಸಂಕೇತಿಸುತ್ತವೆ, ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೋಗಿ ತಗಲುವುದೂ ಇವುಗಳಿಗೇ. ತೊಡಕಿದ್ದದ್ದು ಅವುಗಳನ್ನು ಪೊರೆಯಿಂದ ಹೊರತರುವ ಕೆಲಸದಲ್ಲಿ.

ಪೊರೆಯ ರಚನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಲಿಪಿಡ್ ಎಂಬ ಕೊಬ್ಬಿನ ಜಾತಿಯ ಅಣುಗಳು ಎರಡು ಪದರಗಳಲ್ಲಿ, ನೀರನ್ನು ಇಷ್ಟಪಡುವ ತಲೆಗಳನ್ನು ಹೊರಕ್ಕೂ ನೀರನ್ನು ಸಹಿಸದ ಬಾಲಗಳನ್ನು ಒಳಕ್ಕೂ ಮಾಡಿಕೊಂಡು ನಿಂತಿರುತ್ತವೆ. ನಡುವಿನ ಎಣ್ಣೆಯಂಥ ಭಾಗದ ದಪ್ಪ ಸುಮಾರು 3 ನ್ಯಾನೋಮೀಟರ್. ಪೊರೆಯನ್ನು ಹಾಯ್ದು ನಿಂತ ಪ್ರೋಟೀನು ಆ ಭಾಗದಲ್ಲಿ ತಾನೂ ಜಲವಿರೋಧಿ ಮೈಯನ್ನೇ ಹೊಂದಿರುತ್ತದೆ. ಇಂಥ ಪ್ರೋಟೀನನ್ನು ಹಾಗೆಯೇ ಕಿತ್ತು ನೀರಿಗೆ ಹಾಕಿದರೆ ಒಂದರ ಜಲವಿರೋಧಿ ಮೈ ಇನ್ನೊಂದರದಕ್ಕೆ ಅಂಟಿಕೊಂಡು, ಎಲ್ಲವೂ ಮುದ್ದೆಯಾಗಿ ತಳಕ್ಕೆ ಕೂರುತ್ತವೆ. ಆದ್ದರಿಂದ ಆ ನಡುಭಾಗಕ್ಕೆ ಏನಾದರೊಂದು ಹೊದಿಕೆ ಬೇಕೇ ಬೇಕು. ಇಂದಿನ ಮಾತೆಲ್ಲ ಆ ಹೊದಿಕೆ ಯಾವುದಾಗಿರಬೇಕು ಎಂಬುದರ ಸುತ್ತಲೇ ಇದೆ.

ದಶಕಗಳಿಂದ ಬಳಕೆಯಲ್ಲಿರುವ ಹೊದಿಕೆ ಡಿಟರ್ಜೆಂಟ್. ಪ್ರಯೋಗಾಲಯದಲ್ಲಿ ಹೆಚ್ಚು ಓಡಾಡುವ ಹೆಸರು ಡೋಡೆಸಿಲ್ ಮಾಲ್ಟೋಸೈಡ್, ನಾವು ಚಿಕ್ಕದಾಗಿ ಡಿಡಿಎಂ ಎನ್ನುತ್ತೇವೆ. ಡಿಟರ್ಜೆಂಟ್ ಅಣುಗಳು ಪೊರೆಯೊಳಗೆ ನುಗ್ಗಿ, ಲಿಪಿಡ್‌ಗಳನ್ನು ಚದುರಿಸಿ, ಪ್ರೋಟೀನಿನ ನಡುವಿಗೆ ತಾವೇ ಪಟ್ಟಿಯಂತೆ ಸುತ್ತಿಕೊಳ್ಳುತ್ತವೆ. ಪ್ರೋಟೀನು ಕರಗುತ್ತದೆ, ಶುದ್ಧೀಕರಣಕ್ಕೆ ಸಿಗುತ್ತದೆ. ಹರಳು ಮಾಡಿ ಬಿಡಿಸಿದ ಪೊರೆ ಪ್ರೋಟೀನುಗಳಲ್ಲಿ ಬಹುಪಾಲು ಇದೇ ದಾರಿಯಲ್ಲಿ ಬಂದವು, ಹಾಗಾಗಿ ಡಿಟರ್ಜೆಂಟ್‌ಗಳನ್ನು ಹಳಿಯುವ ಉದ್ದೇಶ ನನಗಿಲ್ಲ.

ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಡಿಟರ್ಜೆಂಟ್ ಪ್ರೋಟೀನಿಗೆ ಅಂಟಿಕೊಂಡು ಒಂದೆಡೆ ನಿಲ್ಲುವುದಿಲ್ಲ. ಅದರ ಅಣುಗಳು ಸದಾ ಬಿಟ್ಟುಹೋಗುತ್ತಲೂ ಮರಳಿ ಬರುತ್ತಲೂ ಇರುತ್ತವೆ. ಆದ್ದರಿಂದ ಪ್ರತಿ ಬಫರ್‌ನಲ್ಲೂ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ), ಪ್ರತಿ ತೊಳೆಯುವ ಹಂತದಲ್ಲೂ ಅದರ ಪ್ರಮಾಣವನ್ನು ಮೈಸೆಲ್‌ಗಳು, ಅಂದರೆ ಡಿಟರ್ಜೆಂಟ್ ಅಣುಗಳು ತಾವೇ ಒಗ್ಗೂಡಿದ ಪುಟ್ಟ ಉಂಡೆಗಳು, ಉಂಟಾಗುವ ಮಟ್ಟಕ್ಕಿಂತ ಮೇಲೆಯೇ ಇಟ್ಟುಕೊಳ್ಳಬೇಕಾಗುತ್ತದೆ, ಡಿಡಿಎಂ ವಿಷಯದಲ್ಲಿ ಅದು ಸುಮಾರು 0.17 ಮಿಲಿಮೋಲಾರ್. ಮತ್ತೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು: ಈ ಚದುರಾಟದಲ್ಲಿ ಪ್ರೋಟೀನಿನ ಸುತ್ತಲಿದ್ದ ಲಿಪಿಡ್‌ಗಳು ಹಂತಹಂತವಾಗಿ ತೊಳೆದುಹೋಗುತ್ತವೆ. ಪ್ರೋಟೀನಿಗೆ ಗಟ್ಟಿಯಾಗಿ ಹಿಡಿದುಕೊಂಡ ಕೆಲವು ಉಳಿಯಬಹುದು, ಸಡಿಲವಾಗಿ ಸುತ್ತ ನಿಂತವು ಉಳಿಯುವುದಿಲ್ಲ. ಆ ಲಿಪಿಡ್‌ಗಳು ಬರಿಯ ತುಂಬುವ ಸಾಮಗ್ರಿಯಾಗಿದ್ದರೆ ಚಿಂತೆ ಇರಲಿಲ್ಲ. ಆದರೆ ಅಯಾನುಗಳಿಗೆ ದಾರಿ ಬಿಡುವ ಅನೇಕ ವಾಹಿನಿಗಳೂ ಸಾಗಣೆ ಪ್ರೋಟೀನುಗಳೂ ನಿರ್ದಿಷ್ಟ ಲಿಪಿಡ್ ಹತ್ತಿರವಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಕಾರ್ಡಿಯೋಲಿಪಿನ್ ಎಂಬ ಲಿಪಿಡ್ ಇಲ್ಲದೆ ಮೈಟೊಕಾಂಡ್ರಿಯಾದ ಉಸಿರಾಟದ ಸಂಕೀರ್ಣಗಳು ಸಡಿಲಗೊಳ್ಳುವುದು ಇದಕ್ಕೆ ಚೆನ್ನಾಗಿ ತಿಳಿದಿರುವ ನಿದರ್ಶನ.

ಈ ತೊಡಕುಗಳನ್ನು ನಿವಾರಿಸುವ ಪ್ರಯತ್ನಗಳು ಹಲವು ನಡೆದಿವೆ. 1996ರಲ್ಲಿ ಫ್ರಾನ್ಸಿನಲ್ಲಿ ಪೋಪೋ ಮತ್ತು ಸಂಗಡಿಗರು ಆಂಫಿಪೋಲ್ ಎಂಬ ಪಾಲಿಮರ್‌ಗಳನ್ನು ಮುಂದಿಟ್ಟರು. ಇವು ಡಿಟರ್ಜೆಂಟ್‌ನ ಜಾಗದಲ್ಲಿ ಬಂದು ಪ್ರೋಟೀನಿಗೆ ಬಿಡದೆ ಸುತ್ತಿಕೊಳ್ಳುತ್ತವೆ. ಖಾರವನ್ನೂ ಬಿಸಿಯನ್ನೂ ಗ್ರಹಿಸುವ ಟಿಆರ್‌ಪಿವಿ1 ವಾಹಿನಿಯ ರಚನೆಯನ್ನು 2013ರಲ್ಲಿ, ಮಾದರಿಯನ್ನು ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇಂಥದೇ ಆಂಫಿಪೋಲ್‌ನಲ್ಲಿ. 2002ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಸ್ಲೈಗರ್ ಅವರ ತಂಡ ನ್ಯಾನೋಡಿಸ್ಕ್ ಎಂಬುದನ್ನು ಪರಿಚಯಿಸಿತು: ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಅಪೊಲಿಪೊಪ್ರೋಟೀನ್ ಎ-1 ಎಂಬುದನ್ನು ತಿದ್ದಿ, ಅದನ್ನು ಪಟ್ಟಿಯಾಗಿ ಬಳಸಿ, ಸುಮಾರು 10 ನ್ಯಾನೋಮೀಟರ್ ಅಗಲದ ಲಿಪಿಡ್ ತಟ್ಟೆಯನ್ನು ಕಟ್ಟಿ ಅದರೊಳಗೆ ಪ್ರೋಟೀನನ್ನು ಕೂರಿಸುವ ವಿಧಾನ. ಎರಡೂ ಬಹಳ ಉಪಯೋಗಕ್ಕೆ ಬಂದಿವೆ. ಆದರೆ ಎರಡರಲ್ಲೂ ಮೊದಲ ಹೆಜ್ಜೆ ಡಿಟರ್ಜೆಂಟೇ. ಲಿಪಿಡ್‌ಗಳನ್ನು ಒಮ್ಮೆ ಕಳೆದುಕೊಂಡ ಮೇಲೆ, ನಾವು ಸೀಸೆಯಿಂದ ತೆಗೆದು ಹಾಕುವ ಲಿಪಿಡ್ ಜೀವಕೋಶ ಇಟ್ಟಿದ್ದ ಲಿಪಿಡ್ ಆಗಿರುವುದಿಲ್ಲ.

ಇಲ್ಲಿ ಸ್ಟೈರೀನ್ ಮಲೀಕ್ ಆಮ್ಲದ ಪಾಲಿಮರ್ ಪ್ರವೇಶಿಸುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಎಸ್‌ಎಂಎ ಎನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಇದು ಜೀವವಿಜ್ಞಾನಿಗಳು ಹುಡುಕಿ ತಯಾರಿಸಿದ ವಸ್ತುವಲ್ಲ. ಇದರ ಮೂಲ ರೂಪವಾದ ಅನ್‌ಹೈಡ್ರೈಡ್ ಪ್ಲಾಸ್ಟಿಕ್, ಶಾಯಿ, ಬಣ್ಣ, ಕಾಗದ ಇವುಗಳ ಕಾರ್ಖಾನೆಗಳಲ್ಲಿ ಟನ್‌ಗಟ್ಟಲೆ ಬಳಕೆಯಾಗುತ್ತಿತ್ತು. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಟಾಂಗ್ ಮತ್ತು ಟೈ ಎಂಬುವರು ಇಂಥ ಪಾಲಿಮರ್‌ಗಳು ಲಿಪಿಡ್‌ಗಳೊಡನೆ ಸೇರಿದಾಗ ಏನಾಗುತ್ತದೆಂದು ಮೊದಲೇ ಪರಿಶೀಲಿಸಿದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಡ್ಯಾಫೋರ್ನ್, ಓವರ್‌ಡುಯಿನ್ ಮತ್ತು ಸಂಗಡಿಗರು 2009ರಲ್ಲಿ ಅದನ್ನು ಪೊರೆ ಪ್ರೋಟೀನುಗಳಿಗೆ ಅನ್ವಯಿಸಿ, ಬ್ಯಾಕ್ಟೀರಿಯೋರೊಡಾಪ್ಸಿನ್ ಮತ್ತು ಪ್ಯಾಗ್‌ಪಿ ಎಂಬ ಎರಡು ಪ್ರೋಟೀನುಗಳನ್ನು ಪಾಲಿಮರ್ ಸುತ್ತಿದ ಲಿಪಿಡ್ ತಟ್ಟೆಗಳಲ್ಲಿ ಹಿಡಿದು ತೋರಿಸಿದರು. ಈ ಕಣಗಳಿಗೆ, ಸ್ಟೈರೀನ್ ಮಲೀಕ್ ಆಮ್ಲದ ಲಿಪಿಡ್ ಕಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ, ಸ್ಮಾಲ್ಪ್ ಎಂಬ ಹೆಸರು ಬಿತ್ತು.

ಈ ಪಾಲಿಮರ್‌ನ ಸರಪಳಿಯಲ್ಲಿ ಎರಡು ಬಗೆಯ ಕೊಂಡಿಗಳಿವೆ. ಸ್ಟೈರೀನ್ ಕೊಂಡಿ ಬೆಂಜೀನ್ ಉಂಗುರವನ್ನು ಹೊತ್ತಿದೆ, ಅದಕ್ಕೆ ಎಣ್ಣೆಯ ನೆರೆ ಬೇಕು. ಮಲೀಕ್ ಆಮ್ಲದ ಕೊಂಡಿಯಲ್ಲಿ ಎರಡು ಕಾರ್ಬಾಕ್ಸಿಲ್ ಗುಂಪುಗಳಿವೆ, ಅವಕ್ಕೆ ನೀರು ಬೇಕು. ಪೊರೆಯ ಮೇಲೆ ಬಿದ್ದ ಸರಪಳಿ ಮೊದಲು ಮೇಲ್ಮೈಗೆ ಹತ್ತಿಕೊಳ್ಳುತ್ತದೆ, ಬಳಿಕ ಉಂಗುರಗಳು ಲಿಪಿಡ್ ಬಾಲಗಳ ನಡುವೆ ತೂರುತ್ತವೆ, ಕೊನೆಗೆ ಪೊರೆ ಹರಿದು ತಟ್ಟೆಗಳಾಗುತ್ತದೆ. ಪ್ರತಿ ತಟ್ಟೆಯ ಅಂಚಿಗೂ ಪಾಲಿಮರ್ ಸುತ್ತಿಕೊಂಡಿರುತ್ತದೆ. ತಟ್ಟೆಯ ಅಗಲ ಸಾಮಾನ್ಯವಾಗಿ 10 ನ್ಯಾನೋಮೀಟರ್ ಆಸುಪಾಸು, ಒಳಗೆ ನೂರಕ್ಕೂ ಮಿಕ್ಕಿ ಲಿಪಿಡ್ ಅಣುಗಳು. ಪ್ರೋಟೀನಿನ ಸುತ್ತಲಿನ ನೆರೆಹೊರೆಯನ್ನು ಬಿಡಿಸದೆ ತರುವ ಈ ಕೆಲಸ, ಬೇರಿನ ಸುತ್ತಲ ಮಣ್ಣಿನ ಹೆಂಟೆ ಸಮೇತ ಸಸಿಯನ್ನು ಎತ್ತಿದಂತೆ.

ಕೆಲಸದ ಮೇಜಿನ ಮೇಲೆ ಇದು ಹೇಗೆ ಕಾಣುತ್ತದೆಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಂಗಡಿಯಿಂದ ಬರುವ ಅನ್‌ಹೈಡ್ರೈಡ್ ಪುಡಿ ನೀರಿನಲ್ಲಿ ಕರಗುವುದಿಲ್ಲ. ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕೆಲವು ಗಂಟೆ ಕುದಿಸಿದಾಗ ಅನ್‌ಹೈಡ್ರೈಡ್ ಉಂಗುರಗಳು ಬಿಚ್ಚಿಕೊಂಡು ಆಮ್ಲದ ಗುಂಪುಗಳಾಗುತ್ತವೆ, ದ್ರಾವಣ ತಿಳಿಯಾಗುತ್ತದೆ. ತಣಿದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿದರೆ ಪಾಲಿಮರ್ ಬೆಳ್ಳಗೆ ಒಡೆದು ಗರಣೆಯಾಗಿ ಕೂರುತ್ತದೆ. ಅದನ್ನು ಹಲವು ಬಾರಿ ತೊಳೆದು, ಮತ್ತೆ ಕ್ಷಾರದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಬಳಕೆಗೆ ಸಿದ್ಧ. ಆಮ್ಲ ಬಿದ್ದೊಡನೆ ಅದು ಒಡೆಯುವುದನ್ನು ನೆನಪಿನಲ್ಲಿಡಿ, ಮುಂದೆ ಅದೇ ಒಂದು ತೊಂದರೆಯಾಗಿ ಎದುರಾಗಲಿದೆ.

ಜೀವಕೋಶಗಳನ್ನು ಒಡೆದು, ಪೊರೆಗಳನ್ನು ಬೇರ್ಪಡಿಸಿ, ಪಿಎಚ್ 8ರ ಬಫರ್‌ನಲ್ಲಿ ತೇಲಿಸಿದಾಗ ಸಿಗುವ ದ್ರವ ಕದಡಿಕೊಂಡು ಬೆಳ್ಳಗಿರುತ್ತದೆ. ಇದಕ್ಕೆ ಪಾಲಿಮರ್ ದ್ರಾವಣವನ್ನು ಒಟ್ಟು ಶೇಕಡ 2.5ರಷ್ಟಾಗುವಂತೆ ಸೇರಿಸಿ ಕೋಣೆಯ ಉಷ್ಣತೆಯಲ್ಲಿ ಮೆಲ್ಲಗೆ ಅಲುಗಾಡಿಸಬೇಕು. ಒಂದೆರಡು ಗಂಟೆಯಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ, ಕದಡು ತಿಳಿಯಾಗುತ್ತಾ ಬರುತ್ತದೆ. ಬೆಳಕನ್ನು ಚದುರಿಸುವಷ್ಟು ದೊಡ್ಡದಿದ್ದ ಪೊರೆಯ ಚೂರುಗಳು ಚಿಕ್ಕ ತಟ್ಟೆಗಳಾದವು ಎಂದರ್ಥ. ಬಳಿಕ ಗುರುತ್ವದ 1,00,000 ಪಟ್ಟು ಬಲದಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಕರಗದೆ ಉಳಿದದ್ದು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯಲ್ಲಿ ನಿಮ್ಮ ಪ್ರೋಟೀನು ಇದ್ದರೆ ಕೆಲಸ ಅರ್ಧ ಆದಂತೆ. ಅಲ್ಲಿಂದ ಮುಂದೆ ಪ್ರತಿ ಬಫರ್‌ಗೂ ಪಾಲಿಮರ್ ಸುರಿಯಬೇಕಾಗಿಲ್ಲ, ಡಿಟರ್ಜೆಂಟ್‌ಗೆ ಹೋಲಿಸಿದರೆ ಇದೇ ದೊಡ್ಡ ಬಿಡುಗಡೆ. ಒಮ್ಮೆ ಸುತ್ತಿಕೊಂಡ ಪಾಲಿಮರ್ ಸುಲಭವಾಗಿ ಬಿಟ್ಟುಹೋಗುವುದಿಲ್ಲ.

ಇಷ್ಟು ಕಷ್ಟಪಟ್ಟದ್ದಕ್ಕೆ ಸಿಕ್ಕಿದ್ದೇನು ಎಂದು ನೀವು ಕೇಳಬೇಕು. ನಾನು ಮೊದಲು ಎತ್ತಿ ಹೇಳುವುದು 2014ರಲ್ಲಿ ನೆದರ್‌ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಆಂಟೊನೆಟ್ ಕಿಲಿಯನ್ ಅವರ ತಂಡ ಮಾಡಿದ ಕೆಲಸವನ್ನು. ಕೆಸಿಎಸ್‌ಎ ಎಂಬುದು ಪೊಟ್ಯಾಸಿಯಂ ಅಯಾನುಗಳನ್ನು ಮಾತ್ರ ಹಾಯಿಸುವ ವಾಹಿನಿ, ನಾಲ್ಕು ಒಂದೇ ಬಗೆಯ ಉಪಘಟಕಗಳಿಂದ ಆದದ್ದು. ಇದರ ರಚನೆಯನ್ನು 1998ರಲ್ಲಿ ಬಿಡಿಸಿದ್ದು ಮೆಕಿನನ್ ಅವರಿಗೆ ನೊಬೆಲ್ ತಂದ ಕೆಲಸಗಳಲ್ಲೊಂದು. ಯುಟ್ರೆಕ್ಟ್‌ನವರು ಇದನ್ನು ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಪೊರೆಯಿಂದ ನೇರವಾಗಿ ಎಸ್‌ಎಂಎ ಬಳಸಿ ತೆಗೆದರು. ನಾಲ್ಕು ಉಪಘಟಕಗಳ ಕೂಟ ಡಿಟರ್ಜೆಂಟ್‌ನಲ್ಲಿದ್ದುದಕ್ಕಿಂತ ಹೆಚ್ಚಿನ ಉಷ್ಣತೆಯವರೆಗೆ ಒಡೆಯದೆ ಉಳಿಯಿತು. ಅದಕ್ಕಿಂತ ಮಹತ್ವದ್ದು ತಟ್ಟೆಯೊಳಗಿನ ಲಿಪಿಡ್‌ಗಳನ್ನು ಅವರು ತೆಗೆದು ಎಣಿಸಿದ್ದು. ಪೊರೆಯಲ್ಲಿ ಸರಾಸರಿ ಇದ್ದುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಋಣ ವಿದ್ಯುದಂಶದ ಲಿಪಿಡ್‌ಗಳು, ಅಂದರೆ ಫಾಸ್ಫಟಿಡೈಲ್ ಗ್ಲಿಸರಾಲ್ ಮತ್ತು ಕಾರ್ಡಿಯೋಲಿಪಿನ್, ಕೆಸಿಎಸ್‌ಎ ಬಳಿ ಸೇರಿದ್ದವು. ಈ ವಾಹಿನಿ ಯಾವ ಲಿಪಿಡ್‌ಗಳನ್ನು ತನ್ನ ಹತ್ತಿರ ಸೇರಿಸಿಕೊಳ್ಳುತ್ತದೆಂಬ ಪ್ರಶ್ನೆಗೆ ಪೊರೆಯಿಂದಲೇ ಉತ್ತರ ಪಡೆದ ಪ್ರಯೋಗ ಇದು. ಡಿಟರ್ಜೆಂಟ್‌ನಲ್ಲಿ ತೊಳೆದ ಮೇಲೆ ಈ ಪ್ರಶ್ನೆಯನ್ನು ಹೀಗೆ ಕೇಳುವುದೇ ಕಷ್ಟ.

2018 ಈ ಕ್ಷೇತ್ರಕ್ಕೆ ಸುಗ್ಗಿಯ ವರ್ಷ. ಇ. ಕೊಲೈ ತನ್ನೊಳಗೆ ಬಂದ ಔಷಧಗಳನ್ನು ಹೊರದೂಡಲು ಬಳಸುವ ಎಸಿಆರ್‌ಬಿ ಎಂಬ ಪಂಪ್ ಮೂರು ಉಪಘಟಕಗಳ ಕೂಟ, ಅವುಗಳ ನಡುವೆ ಒಂದು ಪೊಳ್ಳು ಜಾಗವಿದೆ. ಎಸ್‌ಎಂಎ ತಟ್ಟೆಯಲ್ಲಿದ್ದ ಈ ಪಂಪನ್ನು ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 3.2 ಆಂಗ್‌ಸ್ಟ್ರಾಮ್‌ನಷ್ಟು (ಹತ್ತು ಆಂಗ್‌ಸ್ಟ್ರಾಮ್ ಸೇರಿದರೆ ಒಂದು ನ್ಯಾನೋಮೀಟರ್) ಸೂಕ್ಷ್ಮವಾಗಿ ನೋಡಿದಾಗ ಆ ಜಾಗದಲ್ಲಿ ಎರಡು ಪದರಗಳ ಲಿಪಿಡ್‌ಗಳು ಸಾಲಾಗಿ ನಿಂತಿದ್ದುದು ಕಾಣಿಸಿತು. ಒಳಪದರದ ಬಾಲಗಳು ಆರು ಮೂಲೆಯ ಜೋಡಣೆಯಲ್ಲಿದ್ದವು. ಪಠ್ಯಪುಸ್ತಕಗಳಲ್ಲಿ ನಾವು ಸಾಗರದಂತೆ ಹರಿದಾಡುವುದಾಗಿ ಓದುವ ಲಿಪಿಡ್‌ಗಳು ಇಲ್ಲಿ ಹೆಚ್ಚೂಕಡಿಮೆ ಪ್ರೋಟೀನಿನ ಅಂಗಗಳಂತೆ ಜಾಗ ಹಿಡಿದಿದ್ದವು. ಅದೇ ವರ್ಷ ಫ್ಲೇವೊಬ್ಯಾಕ್ಟೀರಿಯಂ ಎಂಬ ಜೀವಿಯ ಉಸಿರಾಟದ ಸರಣಿಯ ಭಾಗವಾದ ಪರ್ಯಾಯ ಸಂಕೀರ್ಣ 3ರ ರಚನೆಯೂ ಇದೇ ಪಾಲಿಮರ್‌ನ ನೆರವಿನಿಂದ ಹೊರಬಂದಿತು, ಅದೂ ತನ್ನ ಮುಂದಿನ ಕಿಣ್ವದೊಡನೆ ಜೋಡಿಯಾಗಿದ್ದ ಸ್ಥಿತಿಯಲ್ಲಿ. ಇಂಥ ಜೋಡಿಗಳೇ ಡಿಟರ್ಜೆಂಟ್‌ನಲ್ಲಿ ಮೊದಲು ಬಿಟ್ಟುಕೊಳ್ಳುವುದು.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಈ ಕ್ಷೇತ್ರದ ಪ್ರಬಂಧಗಳಲ್ಲಿ ‘ಸಹಜ ಪರಿಸರ’ ಎಂಬ ಮಾತನ್ನು ಬಹಳ ಧಾರಾಳವಾಗಿ ಬಳಸುತ್ತಾರೆ. ತಟ್ಟೆಯಲ್ಲಿರುವ ಲಿಪಿಡ್‌ಗಳು ಪೊರೆಯಿಂದ ಬಂದವು ಎಂಬುದು ನಿಜ. ಆದರೆ ಬಂದ ಮೇಲೆ ಅವು ಅಲ್ಲಿಯೇ ಉಳಿಯುತ್ತವೆಯೇ? ಪ್ರತಿದೀಪ್ತಿ ಸೂಸುವ ಲಿಪಿಡ್‌ಗಳನ್ನು ಬಳಸಿ ಅಳೆದವರು ಕಂಡುಕೊಂಡದ್ದೇನೆಂದರೆ, ಎಸ್‌ಎಂಎ ತಟ್ಟೆಗಳು ದ್ರಾವಣದಲ್ಲಿ ಒಂದಕ್ಕೊಂದು ತಾಗಿದಾಗಲೆಲ್ಲ ಲಿಪಿಡ್‌ಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ, ಮತ್ತು ಈ ವಿನಿಮಯ ಪ್ರೋಟೀನಿನ ಪಟ್ಟಿಯುಳ್ಳ ನ್ಯಾನೋಡಿಸ್ಕ್‌ಗಳಿಗಿಂತ ಬಹಳ ವೇಗವಾಗಿ ನಡೆಯುತ್ತದೆ. ಕೊಳವೆಯಲ್ಲಿ ನಿಮ್ಮ ಪ್ರೋಟೀನಿಲ್ಲದ ಖಾಲಿ ತಟ್ಟೆಗಳೂ ಅಸಂಖ್ಯ ಇರುತ್ತವೆ. ಶುದ್ಧೀಕರಣಕ್ಕೆ ಒಂದು ರಾತ್ರಿ ಹಿಡಿದರೆ, ಪ್ರೋಟೀನಿಗೆ ಗಟ್ಟಿಯಾಗಿ ಅಂಟಿರದ ಲಿಪಿಡ್‌ಗಳು ಅಷ್ಟರಲ್ಲಿ ಎಲ್ಲರೊಡನೆ ಬೆರೆತು ಸರಾಸರಿಯತ್ತ ಸಾಗಿರುತ್ತವೆ. ಕೆಸಿಎಸ್‌ಎ ಪ್ರಯೋಗದ ಫಲಿತಾಂಶ ಇದರಿಂದ ದುರ್ಬಲವಾಗುವುದಿಲ್ಲ, ಬೆರೆಯಲು ಅವಕಾಶವಿದ್ದೂ ಉಳಿದುಕೊಂಡ ಲಿಪಿಡ್‌ಗಳು ನಿಜಕ್ಕೂ ಆ ಪ್ರೋಟೀನಿಗೆ ಪ್ರಿಯವಾದವು ಎಂದು ವಾದಿಸಬಹುದು. ಆದರೆ ಸಡಿಲವಾದ ಹೊರವಲಯದ ಲಿಪಿಡ್‌ಗಳ ಬಗ್ಗೆ ಮಾತನಾಡುವಾಗ, ಖಾಲಿ ತಟ್ಟೆಗಳ ಲಿಪಿಡ್ ಪಟ್ಟಿಯನ್ನು ಪಕ್ಕದಲ್ಲಿಟ್ಟು ತೋರಿಸದವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ.

ಪಾಲಿಮರ್ ಪೊರೆಯ ಎಲ್ಲ ಭಾಗಗಳನ್ನೂ ಒಂದೇ ಸಲೀಸಿನಲ್ಲಿ ಕತ್ತರಿಸುವುದೂ ಇಲ್ಲ. ಸಡಿಲವಾಗಿ ಹರಿದಾಡುವ ಭಾಗ ಬೇಗ ಬಿಡುತ್ತದೆ, ಪ್ರೋಟೀನುಗಳು ಒತ್ತಾಗಿ ಕಿಕ್ಕಿರಿದ ಭಾಗ ಹಟ ಹಿಡಿಯುತ್ತದೆ. ಹಾಗಾಗಿ ಮೇಲಿನ ತಿಳಿಯಲ್ಲಿ ಸಿಕ್ಕಿದ್ದು ಇಡೀ ಪೊರೆಯ ಪ್ರತಿನಿಧಿ ಎಂದು ಭಾವಿಸುವ ಮೊದಲು ತಳದಲ್ಲಿ ಉಳಿದದ್ದೇನೆಂದು ನೋಡಬೇಕು.

ಇನ್ನು ದಿನನಿತ್ಯದ ತೊಂದರೆಗಳು. ಕಾರ್ಬಾಕ್ಸಿಲ್ ಗುಂಪುಗಳೇ ಪಾಲಿಮರ್‌ನ ಬಲ, ಅವೇ ಅದರ ದೌರ್ಬಲ್ಯ. ಪಿಎಚ್ ಸುಮಾರು 6.5ಕ್ಕಿಂತ ಕೆಳಗಿಳಿದರೆ ಅವು ವಿದ್ಯುದಂಶ ಕಳೆದುಕೊಂಡು, ತಯಾರಿಯ ವೇಳೆ ನೋಡಿದಂತೆಯೇ ಪಾಲಿಮರ್ ಒಡೆದು ಕೂರುತ್ತದೆ. ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಕೆಲವೇ ಮಿಲಿಮೋಲಾರ್ ಮೀರಿದರೂ ಅದೇ ಗತಿ, ಏಕೆಂದರೆ ಎರಡೆರಡು ಧನ ವಿದ್ಯುದಂಶ ಹೊತ್ತ ಈ ಅಯಾನುಗಳನ್ನು ಕಾರ್ಬಾಕ್ಸಿಲ್‌ಗಳು ಬಿಗಿಯಾಗಿ ಹಿಡಿದುಬಿಡುತ್ತವೆ. ಎಬಿಸಿ ಕುಟುಂಬದ ಸಾಗಣೆ ಪ್ರೋಟೀನುಗಳ ಮೇಲೆ ಕೆಲಸ ಮಾಡುವವರಿಗೆ ಇದು ನುಂಗಲಾರದ ತುತ್ತು: ಅವು ಜೀವಕೋಶದ ಶಕ್ತಿಯ ಅಣುವಾದ ಎಟಿಪಿಯನ್ನು ಒಡೆಯಲು ಮೆಗ್ನೀಸಿಯಂ ಬೇಕು, ಮೆಗ್ನೀಸಿಯಂ ಹಾಕಿದರೆ ತಟ್ಟೆಯೇ ಉಳಿಯುವುದಿಲ್ಲ. ಪ್ರೋಟೀನನ್ನು ಹಿಡಿದು ಶುದ್ಧೀಕರಿಸಲು ಬಳಸುವ, ನಿಕ್ಕಲ್ ಹೊತ್ತ ಮಣಿಗಳಾದ ನಿಕ್ಕಲ್ ರೆಸಿನ್‌ನ ಕಥೆಯೂ ಇದಕ್ಕೆ ಹತ್ತಿರದ್ದೇ. ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಬಾಲ ಸೇರಿಸಿದ ಪ್ರೋಟೀನು ನಿಕ್ಕಲ್‌ಗೆ ಕಟ್ಟಿಕೊಳ್ಳಬೇಕಾದಲ್ಲಿ, ತಟ್ಟೆಯಾಗದೆ ಉಳಿದ ಹೆಚ್ಚುವರಿ ಪಾಲಿಮರ್ ಅಲ್ಲಿಗೆ ಹೋಗಿ ಕೂತುಬಿಡುತ್ತದೆ. ಹೆಚ್ಚುವರಿಯನ್ನು ಮೊದಲೇ ತೆಗೆದುಹಾಕುವುದು, ರೆಸಿನ್ ಜೊತೆ ರಾತ್ರಿಯಿಡೀ ಬಿಡುವುದು, ಹಿಸ್ಟಿಡಿನ್ ಬಾಲವನ್ನು ಉದ್ದ ಮಾಡುವುದು ಇವೆಲ್ಲ ರೂಢಿಯಲ್ಲಿರುವ ಉಪಾಯಗಳು. ಬೆಂಜೀನ್ ಉಂಗುರಗಳು ಅತಿನೇರಳೆ ಬೆಳಕನ್ನು, ಅದರಲ್ಲೂ 260 ನ್ಯಾನೋಮೀಟರ್ ಆಸುಪಾಸಿನದನ್ನು ಹೀರುತ್ತವಾದ್ದರಿಂದ 280ರಲ್ಲಿ ಪ್ರೋಟೀನು ಅಳೆಯುವ ಅಭ್ಯಾಸವಿದ್ದವರು ಎಚ್ಚರದಿಂದಿರಬೇಕು, ಅಲ್ಲಿ ಕಾಣುವ ಎತ್ತರದಲ್ಲಿ ಪಾಲಿಮರ್‌ನ ಪಾಲೂ ಇರುತ್ತದೆ.

ಈ ಕುಂದುಗಳೇ ಹೊಸ ಪಾಲಿಮರ್‌ಗಳನ್ನು ಹುಟ್ಟಿಸಿದವು. 2017ರಲ್ಲಿ ಜರ್ಮನಿಯ ಸ್ಯಾಂಡ್ರೋ ಕೆಲ್ಲರ್ ಮತ್ತು ಸಂಗಡಿಗರು ತಂದ ಡಿಬ್ಮಾದಲ್ಲಿ ಸ್ಟೈರೀನ್ ಬದಲು ಡೈಐಸೊಬ್ಯುಟಿಲೀನ್ ಇದೆ. ಬೆಂಜೀನ್ ಉಂಗುರ ಇಲ್ಲದ್ದರಿಂದ ಅತಿನೇರಳೆ ಬೆಳಕಿನ ಅಳತೆಗಳಿಗೆ ಅಡ್ಡಿಯಿಲ್ಲ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂಗಳನ್ನು ಇದು ಎಸ್‌ಎಂಎಗಿಂತ ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ, ಲಿಪಿಡ್‌ಗಳ ಜೋಡಣೆಯನ್ನೂ ಕಡಿಮೆ ಕದಡುತ್ತದೆ. ಆದರೆ ಅನೇಕ ಪೊರೆಗಳಿಂದ ಅದು ಹೊರತರುವ ಪ್ರೋಟೀನು ಎಸ್‌ಎಂಎ ಕೊಡುವುದಕ್ಕಿಂತ ಕಡಿಮೆ. ಮೃದುವಾಗಿ ಕತ್ತರಿಸುವವನು ನಿಧಾನವಾಗಿಯೇ ಕತ್ತರಿಸುತ್ತಾನೆ. ಕಾರ್ಬಾಕ್ಸಿಲ್‌ಗಳ ಜಾಗದಲ್ಲಿ ಧನ ವಿದ್ಯುದಂಶದ ಗುಂಪುಗಳಿರುವ ಸ್ಟೈರೀನ್ ಮಲೈಮೈಡ್ ಆಮ್ಲೀಯ ಬಫರ್‌ಗಳಲ್ಲಿ ಕೆಲಸ ಮಾಡುತ್ತದೆ. ಆಗ ಮಿಷಿಗನ್‌ನಲ್ಲಿದ್ದ ರಾಮಮೂರ್ತಿ ಅವರ ತಂಡ ಎಸ್‌ಎಂಎಯ ಹಲವು ಮಾರ್ಪಾಡುಗಳನ್ನು ತಯಾರಿಸಿ, ವಿದ್ಯುದಂಶವೇ ಇಲ್ಲದ, ಇನ್ಯುಲಿನ್ ಎಂಬ ಸಸ್ಯ ಸಕ್ಕರೆಯಿಂದ ಮಾಡಿದ ಪಾಲಿಮರ್‌ಗಳವರೆಗೆ ಹೋಗಿದೆ. ಕಾರ್ಖಾನೆಯ ಪಾಲಿಮರ್‌ನಲ್ಲಿ ಸರಪಳಿಗಳ ಉದ್ದ ಒಂದೇ ಸಮ ಇರುವುದಿಲ್ಲ ಎಂಬ ದೂರಿಗೆ, ಸರಪಳಿಯ ಬೆಳವಣಿಗೆಯನ್ನು ಹತೋಟಿಯಲ್ಲಿಟ್ಟು ಕಟ್ಟುವ ರಾಫ್ಟ್ ಎಂಬ ವಿಧಾನ ಒಂದು ಉತ್ತರ.

ಒಂದು ಮಿತಿಯನ್ನು ಮಾತ್ರ ಯಾವ ಪಾಲಿಮರ್‌ನ ರಸಾಯನವೂ ದಾಟಿಸಲಾರದು. ತಟ್ಟೆಗೆ ಒಳಗು ಹೊರಗು ಎಂಬುದಿಲ್ಲ, ಎರಡೂ ಬದಿಗೆ ಒಂದೇ ದ್ರಾವಣ. ಅಯಾನನ್ನೋ ಸಕ್ಕರೆಯನ್ನೋ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುವ ಪ್ರೋಟೀನು ಅಲ್ಲಿ ಸಾಗಿಸಿದೆಯೋ ಇಲ್ಲವೋ ಎಂದು ಅಳೆಯಲು ಸಾಧ್ಯವಿಲ್ಲ. ಔಷಧ ಅದಕ್ಕೆ ಕಟ್ಟಿಕೊಳ್ಳುತ್ತದೆಯೇ, ಅದರ ರೂಪ ಬದಲಾಗುತ್ತದೆಯೇ ಎಂಬಷ್ಟನ್ನು ನೋಡಬಹುದು. ಅದರಲ್ಲೂ ಪ್ರೋಟೀನು ದೊಡ್ಡದಿದ್ದು ತಟ್ಟೆ ಬಿಗಿಯಾಗಿದ್ದರೆ ರೂಪ ಬದಲಾಗಲು ಬೇಕಾದ ಎಡೆಯೇ ಸಾಲದಿರಬಹುದು. ಸಾಗಣೆಯನ್ನು ಅಳೆಯಬೇಕಾದವರು ತಟ್ಟೆಯಿಂದ ಪ್ರೋಟೀನನ್ನು ಮತ್ತೆ ಹರಡಿದ ಲಿಪಿಡ್ ಪೊರೆಗೆ ದಾಟಿಸಬೇಕು. ಅದು ಆಗದ ಕೆಲಸವೇನಲ್ಲ: ಯುಟ್ರೆಕ್ಟ್‌ನ ಅದೇ ಕೆಸಿಎಸ್‌ಎಯನ್ನು ನಡುವೆ ಡಿಟರ್ಜೆಂಟ್ ಸೋಕಿಸದೆ ತಟ್ಟೆಯಿಂದ ನೇರವಾಗಿ ಸಮತಲ ಪೊರೆಗೆ ಸೇರಿಸಿ, ಅದರ ವಾಹಿನಿ ತೆರೆದು ಮುಚ್ಚುವುದನ್ನು ವಿದ್ಯುತ್ ಪ್ರವಾಹದಲ್ಲಿ ದಾಖಲಿಸಿದ್ದಾರೆ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಯಾವ ಪಾಲಿಮರ್ ಕೊಳ್ಳಲಿ ಎಂದು ಕೇಳುತ್ತಾರೆ. ಒಂದೇ ಪೊರೆಯ ಮಾದರಿಯನ್ನು ಚಿಕ್ಕ ಕೊಳವೆಗಳಲ್ಲಿ ಹಂಚಿ, ಒಂದರಲ್ಲಿ ಎಸ್‌ಎಂಎ, ಒಂದರಲ್ಲಿ ಡಿಬ್ಮಾ, ಸಿಕ್ಕಿದರೆ ಇನ್ನೆರಡರಲ್ಲಿ ಹೊಸ ಪಾಲಿಮರ್‌ಗಳು, ಮತ್ತು ತಪ್ಪದೆ ಒಂದರಲ್ಲಿ ಡಿಡಿಎಂ ಹಾಕಿ ನೋಡಿ ಎನ್ನುತ್ತೇನೆ. ತಿರುಗಿಸಿದ ಮೇಲೆ ತಿಳಿಯನ್ನೂ ತಳವನ್ನೂ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಮೇಲೆ ಅಕ್ಕಪಕ್ಕ ಓಡಿಸಿ. ಹೆಚ್ಚು ಪ್ರೋಟೀನು ಬಂದ ಕೊಳವೆಯನ್ನು ಆರಿಸಿಕೊಳ್ಳುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೆ ಮೊದಲು ಪ್ರತಿ ಕೊಳವೆಯ ತಿಳಿಯಲ್ಲೂ ಪ್ರೋಟೀನು ತನ್ನ ಔಷಧವನ್ನೋ ಅಯಾನನ್ನೋ ಕಟ್ಟಿಕೊಳ್ಳುತ್ತಿದೆಯೇ ಎಂದು ಪರೀಕ್ಷಿಸಿ. ಡಿಡಿಎಂ ಕೊಳವೆಯಲ್ಲೂ ಅದು ಅಷ್ಟೇ ಚೆನ್ನಾಗಿ ಕಟ್ಟಿಕೊಂಡರೆ, ಮತ್ತು ನಿಮ್ಮ ಪ್ರಶ್ನೆ ಲಿಪಿಡ್‌ಗಳ ಬಗ್ಗೆ ಅಲ್ಲವಾದರೆ, ಡಿಡಿಎಂನಲ್ಲೇ ಮುಂದುವರಿಯಲು ಯಾವ ಸಂಕೋಚವೂ ಬೇಡ.